ಮುರಿಯಲೆಂದೇ ಮಾಡಿದ ಪಿನ್ನು

"ಒಂದು ಪಿನ್ನು ಮಾಡೋಕೆ ಬರಲ್ಲ, ನೀನ್ ಯಾವ ಸೀಮೆ ಟರ್ನರ್ರಯ್ಯಾ? ಅನ್ನ ತಿಂತೀಯಾ, ಇಲ್ಲಾ ಲೇತಿಂದ ಉದುರೋ ಕಬ್ಬಿಣದ ಪುಡಿ ತಿಂತೀಯಾ?"

2004ರ ಮೇ ತಿಂಗಳ ಒಂದು ಬೆಳಿಗ್ಗೆ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಒಂದು ಬೈಂಡಿಂಗ್ ಶೆಡ್ಡಿನಲ್ಲಿ, ಹದಿನಾಲ್ಕು ಜನರ ಎದುರು ಮಾಲೀಕರು ಗೂಳಪ್ಪನವರನ್ನು ಕೇಳಿದ ಮಾತಿದು. ಮಾಲೀಕರ ಕೈಯಲ್ಲಿ ಎರಡು ತುಂಡಾದ ಒಂದು ಉಕ್ಕಿನ ಪಿನ್ನಿತ್ತು. ಕಿರುಬೆರಳಿನ ಗಾತ್ರದ್ದು. ಅದನ್ನು ಅವರು ಗೂಳಪ್ಪನವರ ಕಾಲ ಬುಡಕ್ಕೆ ಎಸೆದರು. ಒಂದು ತುಂಡು ಚಪ್ಪಲಿಗೆ ಬಡಿದು ನಿಂತಿತು. ಇನ್ನೊಂದು ಉರುಳಿಕೊಂಡು ನೋಟ್‌ಬುಕ್ಕುಗಳ ರಾಶಿಯ ಕೆಳಗೆ ಹೋಯಿತು. ಕಟಿಂಗ್ ಮಷೀನಿನ ಮುಂದೆ ನಿಂತಿದ್ದ ದಾನಮ್ಮ ಬಗ್ಗಿ, ಕೈಹಾಕಿ ಅದನ್ನು ತೆಗೆದುಕೊಟ್ಟರು.

"ಸಾರ್, ಅದನ್ನ ಮುರೀಲಿ ಅಂತಾನೇ ಮಾಡಿರೋದು" ಅಂದರು ಗೂಳಪ್ಪ.

ಶೆಡ್ಡಿನಲ್ಲಿ ನಗು ಎದ್ದಿತು. ಮಾಲೀಕರಿಗೆ ಇನ್ನೂ ಹುರುಪು ಬಂತು. "ಕೇಳಿಸ್ಕೊಂಡ್ರಾ? ಮುರಿಯೋಕೆ ಮಾಡಿರೋದಂತೆ! ನಾಳೆ ಪಾತ್ರೆ ಅಂಗಡಿಯೋನು ತೂತು ಬಿಂದಿಗೆ ಕೊಟ್ಟು, ಮೇಡಂ, ಸೋರ್ಲಿ ಅಂತಾನೇ ಮಾಡಿರೋದು ಅಂತಾನೆ. ಹೋದ ವಾರದ್ದು ನಾಲ್ಕು ದಿನ ಬಂತು. ಇದು ಆರು ದಿನ. ಸ್ಕೂಲ್ ಓಪನಿಂಗ್ ತಲೆ ಮೇಲೈತೆ, ನಾನು ನೋಟ್‌ಬುಕ್ ಕೊಡ್ಲಾ, ನಿನ್ನ ಪಿನ್ನು ಬದಲಾಯಿಸ್ತಾ ಕೂತ್ಕೊಳ್ಳಾ? ನಡಿ, ನಡಿ. ಏಳನೇ ಕ್ಲಾಸು ಓದ್ಕೊಂಡು ಇಂಜಿನಿಯರ್ ಥರ ಮಾತಾಡ್ಬೇಡ."

ಆ ಬೈಂಡಿಂಗ್ ಪ್ರೆಸ್ ಈಗ ಇಲ್ಲ. ಅದಿದ್ದ ಜಾಗದಲ್ಲಿ ಕಲ್ಯಾಣಮಂಟಪ ಎದ್ದು, ಗೇಟಿನ ಎರಡೂ ಕಡೆ ಸಿಮೆಂಟಿನ ಆನೆಗಳು ನಿಂತಿವೆ. ಅದಕ್ಕೇ ನಾಲ್ಕು ವರ್ಷದ ಮೇಲೆ ಗೂಳಪ್ಪ ಬಾಯಿ ಬಿಟ್ಟಿದ್ದಾರೆ. ಆಗಲೂ ಒಂದು ಕರಾರು ಹಾಕಿದರು: "ಮಾಲಕರ ಹೆಸರು ಬರೀಬ್ಯಾಡ್ರಿ. ಅವರಿಗೂ ಹೆಂಡ್ರು ಮಕ್ಕಳು ಅದಾರ."

ಬರೆದಿಲ್ಲ. ಆದರೆ ಆ ಪಿನ್ನಿನ ವಿಷಯ ಬರೆಯದೆ ಬಿಡುವಂಥದ್ದಲ್ಲ.

ನಿಮ್ಮ ಮನೆಯ ಮಗುವಿನ ನೋಟ್‌ಬುಕ್ಕು ಕೈಗೆತ್ತಿಕೊಳ್ಳಿ. ಅದರ ಅಂಚಿನ ಮೇಲೆ ಬೆರಳಾಡಿಸಿ. ಎಷ್ಟು ನುಣ್ಣಗಿದೆ ನೋಡಿ. ಒಟ್ಟೊಟ್ಟಿಗೆ ಐನೂರು ಹಾಳೆಗಳನ್ನು ಒಂದೇ ಏಟಿಗೆ ಕತ್ತರಿಸುವ ಮಷೀನಿನ ಕೆಲಸ ಅದು. ಮೂರೂವರೆ ಅಡಿ ಉದ್ದದ ಬ್ಲೇಡು. ಮೋಟಾರು ಒಂದು ದೊಡ್ಡ ಚಕ್ರ ತಿರುಗಿಸುತ್ತದೆ, ಚಕ್ರ ಒಂದು ಕಬ್ಬಿಣದ ತೋಳನ್ನು ಎಳೆಯುತ್ತದೆ, ತೋಳು ಬ್ಲೇಡನ್ನು ಕೆಳಗೆ ಸೆಳೆಯುತ್ತದೆ. ಚಕ್ರಕ್ಕೂ ತೋಳಿಗೂ ಇರುವ ಕೊಂಡಿ ಅಂದರೆ ಗೂಳಪ್ಪ ಮಾಡುವ ಆ ಒಂದು ಪಿನ್ನು.

ಕಾಲಿನಿಂದ ಪೆಡಲು ಒತ್ತಿದರೆ ಬ್ಲೇಡು ಒಂದು ಸಲ ಇಳಿಯಬೇಕು, ಮೇಲೆ ಹೋಗಬೇಕು, ಅಲ್ಲೇ ನಿಲ್ಲಬೇಕು. ಅದು ನಿಂತಿದೆ ಎಂಬ ನಂಬಿಕೆಯ ಮೇಲೆ ಕೆಲಸದವರು ಎರಡೂ ಕೈ ಒಳಗೆ ಹಾಕಿ ಕತ್ತರಿಸಿದ ಕಾಗದ ಎಳೆದುಕೊಳ್ಳುತ್ತಾರೆ. ದಿನಕ್ಕೆ ಸಾವಿರದ ಇನ್ನೂರು ಸಲ, ಸಾವಿರದ ಮುನ್ನೂರು ಸಲ. ಮಷೀನಿನ ಬ್ರೇಕು ಸವೆದಿದ್ದರೆ ಬ್ಲೇಡು ನಿಲ್ಲದೆ ಎರಡನೇ ಸಲ ಇಳಿಯಲು ನೋಡುತ್ತದೆ. ಹಾಗೆ ಇಳಿಯದಿರಲಿ ಎಂದು ಮಷೀನು ಮಾಡಿದವರು ಒಂದು ಕಬ್ಬಿಣದ ನಾಲಿಗೆ ಇಟ್ಟಿರುತ್ತಾರೆ, ಅದು ಬ್ಲೇಡಿಗೆ ಅಡ್ಡ ನಿಲ್ಲುತ್ತದೆ. ಆದರೆ ಮೋಟಾರು ಸುಮ್ಮನಿರುತ್ತದಾ? ಎಳೆಯುತ್ತಲೇ ಇರುತ್ತದೆ. ಅತ್ತ ನಾಲಿಗೆ ತಡೆಯುತ್ತದೆ, ಇತ್ತ ಮೋಟಾರು ಎಳೆಯುತ್ತದೆ. ನಡುವೆ ಯಾವುದೋ ಒಂದು ಸೋಲಬೇಕು. ಸೋಲಬೇಕಾದ್ದು ಪಿನ್ನು. ಪಿನ್ನು ಮುರಿದರೆ ಚಕ್ರ ಸುಮ್ಮನೆ ತಿರುಗುತ್ತದೆ, ಬ್ಲೇಡು ಇದ್ದಲ್ಲೇ ಇರುತ್ತದೆ. ಪಿನ್ನು ಗಟ್ಟಿಯಾಗಿದ್ದು ಮುರಿಯದಿದ್ದರೆ ನಾಲಿಗೆ ಮುರಿಯುತ್ತದೆ, ಬ್ಲೇಡು ಕೆಳಗೆ ಬರುತ್ತದೆ. ಅದರ ಕೆಳಗೆ ಆಗ ಕಾಗದವೊಂದೇ ಇರುವುದಿಲ್ಲ.

ಇಷ್ಟೇ ವಿಷಯ. ಇದನ್ನು ಅರ್ಥ ಮಾಡಿಕೊಳ್ಳಲು ಡಿಗ್ರಿ ಬೇಡ. ಏಳನೇ ಕ್ಲಾಸು ಸಾಕು.

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ, ಸಿಲಿಂಡರ್ ಗೋಡೌನಿಗೂ ಬಾಳೆಕಾಯಿ ಮಂಡಿಗೂ ನಡುವೆ, ಹತ್ತಡಿ ಅಗಲ ಹನ್ನೆರಡಡಿ ಉದ್ದದ ಶೆಡ್ಡು. ಈಗ ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಗೂಳಪ್ಪ ಶಟರನ್ನು ಸದ್ದಾಗದಂತೆ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಎದುರು ಮನೆಯ ಲಕ್ಷ್ಮಿದೇವಮ್ಮನವರಿಗೆ ಎಂಬತ್ತು ವರ್ಷ, ನಿದ್ದೆ ಕೆಡಬಾರದು ಎಂದು. ಆದರೆ ಆ ಅಜ್ಜಿ ಆಗಲೇ ಎದ್ದು ಕೂತು "ಬಂದ್ಯೇನಪ್ಪಾ ಗೂಳಪ್ಪಾ, ಕಾಫಿ ಆಯ್ತಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ. ದಿನಾ ಹೀಗೇ.

ಇಷ್ಟು ಬೇಗ ಬರುವುದಕ್ಕೆ ಕಾರಣ ಭಕ್ತಿಯಲ್ಲ, ವೋಲ್ಟೇಜು. ಎಂಟಾದರೆ ಸುತ್ತಲಿನ ನೂರಾರು ಶೆಡ್ಡುಗಳ ಮೋಟಾರುಗಳು ಒಟ್ಟಿಗೆ ಎದ್ದು ಕರೆಂಟು ಹೀರುತ್ತವೆ. ಉಕ್ಕಿನ ಸರಳನ್ನು ತಿರುಗಿಸಿ ಕಡೆಯುವ ಲೇತು ಏದುಸಿರು ಬಿಡಲು ಶುರುಮಾಡುತ್ತದೆ. ಪಿನ್ನಿನ ಕುತ್ತಿಗೆ ತೆಗೆಯುವಾಗ ಲೇತಿನ ವೇಗ ಒಂದೇ ಸಮ ಇರಬೇಕು. ಆದ್ದರಿಂದ ಕುತ್ತಿಗೆಯ ಕೆಲಸವೆಲ್ಲ ಎಂಟರೊಳಗೆ.

ಕುತ್ತಿಗೆ ಎನ್ನುವುದು ಗೂಳಪ್ಪನವರದೇ ಮಾತು. ಹನ್ನೆರಡು ಮಿಲಿಮೀಟರ್ ದಪ್ಪದ ಪಿನ್ನಿನ ಸುತ್ತ ಒಂದು ಕಡೆ ಗೀರಿ, ಅಲ್ಲಿ ಮಾತ್ರ ಎಂಟು ಮಿಲಿಮೀಟರ್ ಉಳಿಸುತ್ತಾರೆ. ಪಿನ್ನು ಮುರಿದರೆ ಅಲ್ಲೇ ಮುರಿಯಬೇಕು. ಎಂಟೂವರೆ ಇದ್ದರೆ ಮುರಿಯಬೇಕಾದಾಗ ಮುರಿಯುವುದಿಲ್ಲ. ಏಳೂವರೆ ಆದರೆ ಸುಮ್ಮಸುಮ್ಮನೆ ಮುರಿಯುತ್ತದೆ. "ಕೂದಲೆಳಿ ಅಂತಾರಲ್ರಿ, ಅಷ್ಟ ಜಾಗ ನಮಗಿರೋದು. ಅದರಾಗ ಬದುಕಬೇಕು" ಎನ್ನುತ್ತಾರೆ ಅವರು, ಕಣ್ಣು ಲೇತಿನಿಂದ ಕೀಳದೆ.

ಒಂದು ಬೆಳಿಗ್ಗೆಗೆ ನಲವತ್ತು ಪಿನ್ನು. ಆಮೇಲೆ ದಿನವೆಲ್ಲ ಬೇರೆ ಬೇರೆ ಕೊಂಡಿಗಳು. ಪುಲ್ಲಿಯನ್ನು ಶಾಫ್ಟಿಗೆ ಬಿಗಿದಿಡುವ ಚೌಕದ ಬೆಣೆ, ಅದಕ್ಕೆ ಕೀ ಎನ್ನುತ್ತಾರೆ, ಅವು ಅರವತ್ತು. ಪಂಪಿಗೂ ಮೋಟಾರಿಗೂ ನಡುವೆ ಕೂರುವ ಕಪ್ಲಿಂಗು, ವಾರಕ್ಕೆ ಹತ್ತು. ಟೈಲರುಗಳು ತರುವ ಹೊಲಿಗೆ ಮಷೀನಿನ ಕಡ್ಡಿ, ತಕ್ಕಡಿಯ ಕೊಂಡಿ. ಹೋದ ಶ್ರಾವಣದಲ್ಲಿ ಕೆಂಗೇರಿಯ ಭಜನಾ ಮಂಡಳಿಯವರು ಒಂದು ಹಾರ್ಮೋನಿಯಂ ಹೊತ್ತು ತಂದಿದ್ದರು. ಬೆರಳಿಡುವ ಪಟ್ಟಿಗಳಲ್ಲಿ ಒಂದು ಮನೆ ಒತ್ತಿದರೆ ಅದರ ಜೊತೆಯ ಇನ್ನೊಂದು ಮನೆಯೂ ತಾನೇ ಇಳಿಯುವಂತೆ ಒಳಗೆ ತಂತಿಯ ಜೋಡಣೆ ಇರುತ್ತದೆ, ಅದು ಕಳಚಿತ್ತು. ಗೂಳಪ್ಪ ಸೈಕಲ್ಲಿನ ಕಡ್ಡಿ ಬಗ್ಗಿಸಿ ಹೊಸದು ಕೂರಿಸಿದರು. ಮಂಡಳಿಯವರು ಅಲ್ಲೇ ನಿಂತು ಒಂದು ವಚನ ಹಾಡಿಯೇ ಹೋದರಂತೆ. "ಬಾಳೆಕಾಯಿ ಇಳಸೋ ಹಮಾಲರೂ ಕೆಲಸ ಬಿಟ್ಟು ಕೇಳಿದ್ರು ನೋಡ್ರಿ" ಎಂದು ಹೇಳುವಾಗ ಮಾತ್ರ ಅವರ ಮುಖದಲ್ಲಿ ದೊಡ್ಡಸ್ತಿಕೆ ಕಾಣುತ್ತದೆ.

ಕಚ್ಚಾ ಉಕ್ಕು ಬರುವುದು ಗುಜರಿಯಿಂದ. ಅದರ ಮೇಲೆ ಜಾತಿ ಬರೆದಿರುವುದಿಲ್ಲ. ಹಾಗಾಗಿ ಪ್ರತಿ ಸರಳನ್ನೂ ಗ್ರೈಂಡರಿಗೆ ತಾಗಿಸಿ ಕಿಡಿ ನೋಡುತ್ತಾರೆ. ಕಿಡಿ ಉದ್ದಕ್ಕೆ, ಹುಲ್ಲಿನೆಳೆಯ ಹಾಗೆ ಹಾರಿದರೆ ಮೆದು ಉಕ್ಕು, ಪಿನ್ನಿಗೆ ಆಗುತ್ತದೆ. ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಹೂ ಬಿಟ್ಟರೆ ಗಟ್ಟಿ ಉಕ್ಕು, ಪಕ್ಕಕ್ಕೆ. ಇಷ್ಟಾದ ಮೇಲೂ ಇಪ್ಪತ್ತು ಪಿನ್ನು ಆದಾಗ ಅದರಲ್ಲೊಂದನ್ನು ಮೇಜಿಗೆ ಬಿಗಿದ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಪೈಪು ತೂರಿಸಿ, ಮೈಭಾರ ಹಾಕಿ ಮುರಿಯುತ್ತಾರೆ. "ಇಪ್ಪತ್ತರಾಗ ಒಂದು ನನ್ನ ಕೈಯಾಗ ಮುರೀಬೇಕ್ರಿ. ಅದು ಹೆಂಗ ಮುರೀತು ನೋಡಿದ್ರ ಉಳಿದ ಹತ್ತೊಂಬತ್ತು ಹೆಂಗ ಮುರೀತಾವ ಗೊತ್ತಾಗತೈತಿ." ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಮಾಡದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಈ ಊರಿನಲ್ಲಿ ವರ್ಷಕ್ಕೊಂದು ಸಲ ಯಾವುದೋ ಹೋಟೆಲಿನ ಎಸಿ ಹಾಲಿನಲ್ಲಿ ಗುಣಮಟ್ಟದ ಪ್ರಶಸ್ತಿ ಹಂಚುತ್ತಾರಲ್ಲ, ಆ ಹಾಲಿನ ಎಸಿಯ ಕಪ್ಲಿಂಗಿನಲ್ಲಿ ಯಾರ ಕೀ ಕೂತಿದೆಯೋ, ಶಾಲು ಹೊದೆಸಿಕೊಂಡವರಿಗೂ ಗೊತ್ತಿಲ್ಲ, ಹೊದೆಸಿದವರಿಗೂ ಗೊತ್ತಿಲ್ಲ.

ಗೂಳಪ್ಪ ಕೊಪ್ಪಳ ಕಡೆಯವರು. ಈಗ ನಲವತ್ತೆರಡು ವರ್ಷ. ಹದಿನೆಂಟಕ್ಕೆ ಅಕ್ಕನ ಗಂಡನ ಹಿಂದೆ ಬೆಂಗಳೂರಿಗೆ ಬಂದು ಬಿನ್ನಿಪೇಟೆಯ ಒಂದು ಬಟ್ಟೆ ಮಿಲ್ಲಿನ ರಿಪೇರಿ ವಿಭಾಗದಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ಸೇರಿದರು. ಅಲ್ಲಿ ಬೈರಯ್ಯ ಎಂಬ ಫಿಟ್ಟರ್ ಇದ್ದರು. ಎಡಗೈಯಲ್ಲಿ ಮೂರೇ ಬೆರಳು. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನ ಆ ಕೈಯನ್ನು ಅವರ ಮುಖದ ಮುಂದೆ ಹಿಡಿಯುತ್ತಿದ್ದರಂತೆ.

"ಅವ್ರು ಏನ್ ಹೇಳ್ತಿದ್ರು ಗೊತ್ತೇನ್ರಿ? 'ಮಗಾ, ಇಲ್ಲಿದ್ದ ಎರಡು ಬೆರಳನ್ನ ಮಷೀನ್ ತಿಂದಿಲ್ಲ, ಮೊಳೆ ತಿಂದಿದ್ದು.' ಪಿನ್ನು ಮುರಿದಿತ್ತಂತ. ಸ್ಟೋರಿನಾಗ ಪಿನ್ನಿರಲಿಲ್ಲ. ಯಾರೋ ಪುಣ್ಯಾತ್ಮ ಅರ್ಜೆಂಟಿಗೆ ಇರಲಿ ಅಂತ ಒಂದು ದಪ್ಪ ಮೊಳೆ ಹೊಡದು ಕೂಡಿಸಿದ್ದ. ಮೊಳೆ ಮುರೀಲಿಲ್ಲ. ಬೈರಯ್ಯನೋರ ಬೆರಳು ಹೋದ್ವು."

ಮಿಲ್ಲು ಮುಚ್ಚಿತು. ಬೈರಯ್ಯ ತೀರಿಕೊಂಡರು. ಗೂಳಪ್ಪ ನಾಲ್ಕೈದು ಶೆಡ್ಡು ಅಲೆದು, ಕಡೆಗೆ ಹಳೆಯ ಲೇತೊಂದನ್ನು ಹಿಡಿದು ಕಾಮಾಕ್ಷಿಪಾಳ್ಯದಲ್ಲಿ ನೆಲೆ ನಿಂತರು. ಮನೆ ಸುಂಕದಕಟ್ಟೆಯಲ್ಲಿ. ಹೆಂಡತಿ ಜಯದೇವಿ ಊದಿನಕಡ್ಡಿ ಹೊಸೆಯುತ್ತಾರೆ, ಅವರ ಬೆರಳುಗಳು ಇದ್ದಿಲ ಬಣ್ಣಕ್ಕೆ ತಿರುಗಿವೆ. ಗಂಡನ ಕೆಲಸದ ಬಗ್ಗೆ ಕೇಳಿದರೆ ಬಾಯಿ ತುಂಬ ನಗುತ್ತಾರೆ: "ಊರ ಮಂದಿಗೆಲ್ಲ ಕೊಂಡಿ ಮಾಡಿ ಕೊಡ್ತಾರ. ನಮ್ಮ ಬಚ್ಚಲ ಬಾಗಿಲ ಚಿಲಕ ಮೂರು ವರ್ಷದಿಂದ ದಾರದಾಗ ನಿಂತೈತಿ. ನಾ ಕೇಳಿದ್ರ, ನಾಳಿ, ನಾಳಿ."

"ಅಳತಿ ತಗೊಂಡೀನಿ" ಎನ್ನುತ್ತಾರೆ ಗೂಳಪ್ಪ, ತಲೆ ಕೆಳಗೆ ಹಾಕಿ.

ಸರಿ, ಆ ಮೇ ತಿಂಗಳಿಗೆ ಹೋಗೋಣ.

ಬೈಸಿಕೊಂಡು ಬಂದ ಗೂಳಪ್ಪ ಶೆಡ್ಡಿನಲ್ಲಿ ಕೂತು ಆ ಎರಡು ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಮುರಿದ ಮುಖ ಬೂದು ಬಣ್ಣಕ್ಕೆ, ಒಂದೇ ಸಮನಾಗಿತ್ತು. ಸ್ವಲ್ಪ ಸ್ವಲ್ಪವೇ ಸವೆದು ಬಿರುಕು ಬಿಟ್ಟ ಗುರುತಿಲ್ಲ. ಒಂದೇ ಏಟಿಗೆ ಕತ್ತರಿಸಿ ಹೋಗಿತ್ತು. ಅಂದರೆ ಪಿನ್ನು ಕಳಪೆಯಾಗಿರಲಿಲ್ಲ, ಬ್ಲೇಡು ಎರಡನೇ ಸಲ ಇಳಿಯಲು ಹೋಗಿತ್ತು. ಹತ್ತು ದಿನದಲ್ಲಿ ಎರಡು ಸಲ. ಮಷೀನಿನ ಬ್ರೇಕು ಸತ್ತಿದೆ. ಆ ಎರಡೂ ಸಲ ಮಷೀನಿನ ಮುಂದೆ ನಿಂತಿದ್ದವರು ದಾನಮ್ಮ.

ದಾನಮ್ಮ ಬಾಗಲಕೋಟೆ ಕಡೆಯವರು, ಬೆಂಗಳೂರಿಗೆ ಬಂದು ಆಗ ಎರಡು ವರ್ಷವಾಗಿತ್ತು. ಬೆಳಿಗ್ಗೆ ಆರೂವರೆಗೆ ಶೆಡ್ಡಿನ ಬೀಗ ತೆಗೆದು ಕಸ ಗುಡಿಸುವವರೂ ಅವರೇ, ಎಂಟೂವರೆಗೆ ಕಟಿಂಗ್ ಮಷೀನಿಗೆ ನಿಲ್ಲುವವರೂ ಅವರೇ. ಗೂಳಪ್ಪನವರಿಗೆ ನೆಂಟರಲ್ಲ, ಒಂದೂರಿನವರಲ್ಲ. ಪಿನ್ನು ಕೊಡಲು ಹೋದಾಗ ಒಂದು ಲೋಟ ನೀರು ಕೊಟ್ಟು, "ಊಟ ಆತೇನ್ರಿ ಅಣ್ಣಾರ?" ಎಂದು ತಮ್ಮ ಕಡೆಯ ಮಾತಾಡುವ ಹೆಂಗಸು. ಅಷ್ಟೇ ಪರಿಚಯ.

ಮೂರನೇ ದಿನ ಸಂಜೆ ಐದೂವರೆಗೆ ದಾನಮ್ಮ ಕಾಮಾಕ್ಷಿಪಾಳ್ಯದ ಶೆಡ್ಡಿನ ಮುಂದೆ ಬಂದು ನಿಂತರು. ಕೈಯಲ್ಲಿ ಬುತ್ತಿಯ ಚೀಲ.

"ಅಣ್ಣಾರ, ಮಾಲಕರು ಹೊಸಾ ಬೋಲ್ಟ್ ಹಾಕ್ಸ್ಯಾರ. ಕಂಪನೀದಂತ. ಭಾಳ ಗಟ್ಟಿಯಂತ. ತಲಿ ಮ್ಯಾಲ ನಂಬರ ಐತ್ರಿ, ಎಂಟು, ಚುಕ್ಕಿ, ಎಂಟು."

ಗೂಳಪ್ಪನವರ ಕೈ ಲೇತಿನ ಮೇಲೇ ನಿಂತಿತು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಹೈ ಟೆನ್ಸೈಲು. ಎಳೆದರೆ ಜಗ್ಗದು, ಬಡಿದರೆ ಮುರಿಯದು. ಮೆದು ಉಕ್ಕಿನ, ಕುತ್ತಿಗೆ ತೆಗೆದ ಪಿನ್ನು ಇರಬೇಕಾದ ಕಡೆ ಅದನ್ನು ಕೂರಿಸಿದ್ದಾರೆ. ಬಿನ್ನಿಪೇಟೆಯಲ್ಲಿ ಯಾರೋ ಹೊಡೆದಿದ್ದ ಮೊಳೆ, ಇಪ್ಪತ್ತು ವರ್ಷದ ಮೇಲೆ, ರಾಜಾಜಿನಗರಕ್ಕೆ ಬಂದಿತ್ತು.

"ಆಮ್ಯಾಲ?"

"ಇವತ್ತ ಮುಂಜಾನಿ ಬ್ಲೇಡು ಮತ್ತ ಎರಡನೇ ಸಲ ಇಳಿದು ಬಂತ್ರಿ. ಅರ್ಧಕ್ಕ ಬಂದು ಟಣ್ ಅಂತ ನಿಂತು, ಹಂಗ ಮ್ಯಾಲ ಹೋತು. ನಾ ಲಗೂನ ಕೈ ಎಳಕೊಂಡೆ." ದಾನಮ್ಮ ನಕ್ಕರು. "ಬಳಿ ಅಷ್ಟ ಒಡದ್ವು."

"ಆ ಮಷೀನಿಗೆ ನಿಂದರಬ್ಯಾಡ ತಂಗಿ."

"ನಾ ನಿಂದರಲಿಲ್ಲಂದ್ರ ಗುರವ್ವನ್ನ ನಿಂದರಸ್ತಾರ್ರಿ. ಆಕಿ ಇನ್ನೂ ಹೊಸಬಾಕಿ. ನನ್ನಷ್ಟು ಲಗೂನೂ ಎಳಕೊಳ್ಳಾಂಗಿಲ್ಲ."

ಟಣ್ ಎಂದದ್ದು ಕಬ್ಬಿಣದ ನಾಲಿಗೆ. ಒಂದು ಏಟು ತಡೆದಿದೆ. ಇನ್ನೊಂದು ತಡೆಯಬಹುದು. ಮೂರನೆಯದರ ಭರವಸೆಯನ್ನು ಗೂಳಪ್ಪ ಯಾರಿಗೂ ಕೊಡಲಾರರು. ಮೂಲೆ ಅಂಗಡಿಯ ಒಂದು ರೂಪಾಯಿ ಫೋನಿನಿಂದ ಪ್ರೆಸ್ಸಿಗೆ ಫೋನು ಮಾಡಿದರು. ಬ್ರೇಕು ನೋಡಿಸಿ ಸಾರ್, ಆ ಬೋಲ್ಟು ತೆಗೆಸಿ ಸಾರ್ ಎಂದರು. "ಓಹೋ, ಆರ್ಡರ್ ಹೋಯ್ತು ಅಂತ ಹೊಟ್ಟೆಉರಿನಾ?" ಎಂದು ಆ ಕಡೆಯಿಂದ ಫೋನು ಇಟ್ಟರು. ಇಂಥವರಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಹೇಳಿದವನ ಅಂಗಿ ನೋಡುತ್ತಾರೆ, ಅಂಗಿಯಲ್ಲಿ ಗ್ರೀಸು ಕಂಡರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಫೋನಿನಲ್ಲೂ ಅವರಿಗೆ ಗ್ರೀಸು ಕಾಣುತ್ತದೆ.

ಮರುದಿನ ಐದೂವರೆಗೆ ಗೂಳಪ್ಪ ಲೇತಿನ ಮುಂದಿದ್ದರು. ಮೆದು ಉಕ್ಕಿನದೇ, ಆದರೆ ಆರು ಮೂಲೆಯ ಸರಳು ಹುಡುಕಿ ತೆಗೆದರು. ಕಂಪನಿ ಬೋಲ್ಟಿಗೆ ಆರು ಮೂಲೆಯ ತಲೆ ಇರುತ್ತದಲ್ಲ. ತಲೆ ಬಿಟ್ಟು ಉಳಿದದ್ದನ್ನು ಹನ್ನೆರಡಕ್ಕೆ ಇಳಿಸಿದರು. ಕುತ್ತಿಗೆ ಎಂಟಕ್ಕೆ ತೆಗೆದರು, ಕೂದಲೆಳೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕಾಯಿಸಿ ಹಳೆಯ ಇಂಜಿನ್ ಆಯಿಲಿನಲ್ಲಿ ಅದ್ದಿದರು, ಕಂಪನಿಯದರ ಹಾಗೆ ಕಪ್ಪು ಬಂತು. ಆಮೇಲೆ ನಂಬರ್ ಪಂಚಿನ ಡಬ್ಬಿಯಿಂದ ಎಂಟರ ಪಂಚು ತೆಗೆದು, ತಲೆಯ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು. ಪಕ್ಕಕ್ಕೊಂದು ಚುಕ್ಕಿ. ಮತ್ತೆ ಎಂಟು.

"ಸುಳ್ಳು ನಂಬರ ಹೊಡದದ್ದು ಜೀವನದಾಗ ಅದೊಂದ ಸಲ್ರಿ" ಎನ್ನುತ್ತಾರೆ. "ಎರಡನೇ ಎಂಟು ಸೊಟ್ಟಗ ಬಿತ್ತು. ಬೈರಯ್ಯನೋರು ಇದ್ದಿದ್ರ ಒದೀತಿದ್ರು. ಸುಳ್ಳಿಗಲ್ಲ, ಸೊಟ್ಟ ಬಿದ್ದದ್ದಕ್ಕ."

ಅದರ ಮರುದಿನ ಆರೂವರೆಗೆ ದಾನಮ್ಮ ಬೈಂಡಿಂಗ್ ಶೆಡ್ಡಿನ ಬೀಗ ತೆಗೆದಾಗ ಗೂಳಪ್ಪ ಗೋಡೆ ಪಕ್ಕ ನಿಂತಿದ್ದರು. ಮೇನ್ ಸ್ವಿಚ್ ಇಳಿಸಿದರು. ಮಷೀನಿನ ಪಕ್ಕದ ಬಾಗಿಲು ತೆರೆದು ಗಟ್ಟಿ ಬೋಲ್ಟು ಬಿಚ್ಚಿ, ತಮ್ಮದು ಕೂರಿಸಿ, ಕುತ್ತಿಗೆ ಕಾಣದಂತೆ ಗ್ರೀಸು ಮೆತ್ತಿದರು. ಏಳು ನಿಮಿಷ. ದಾನಮ್ಮ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದರು.

"ಇದು ಮುರೀತೈತೇನ್ರಿ?"

"ಮುರೀತೈತಿ. ಮುರಿದಾಗ ಏನೂ ಗೊತ್ತಿಲ್ಲದಾಂಗ ಚೀರು."

"ಅದೇನ್ ಕಲಿಸಬೇಕ್ರಿ? ತಾನ ಬರತೈತಿ" ಅಂದರಂತೆ ದಾನಮ್ಮ.

ಒಂಬತ್ತು ದಿನ ಕಾದರು. ಗೂಳಪ್ಪನವರಿಗೆ ತಾನು ಕುತ್ತಿಗೆ ಎಂಟಕ್ಕೇ ತೆಗೆದೆನಾ, ಎಂಟೂವರೆಗೆ ನಿಲ್ಲಿಸಿಬಿಟ್ಟೆನಾ ಎಂಬ ಅನುಮಾನ ಶುರುವಾಯಿತು. ಅಳತೆ ಬರೆದುಕೊಂಡಿದ್ದರು, ಆದರೂ ಅನುಮಾನ. ಇಪ್ಪತ್ತರಲ್ಲಿ ಒಂದನ್ನು ಮುರಿದು ನೋಡುವ ಮನುಷ್ಯನಿಗೆ, ಒಂದೇ ಒಂದು ಮಾಡಿದ್ದರಿಂದ, ಮುರಿದು ನೋಡಲು ಇನ್ನೊಂದು ಇರಲಿಲ್ಲ. ಆ ಕೋಪಕ್ಕೆ ಅದೇ ಸರಳಿನ ಉಳಿದ ತುಂಡಿನಲ್ಲಿ ಮತ್ತೊಂದು ಪಿನ್ನು ಮಾಡಿ ವೈಸಿನಲ್ಲಿ ಮುರಿದರು. ಸರಿಯಾಗಿಯೇ ಮುರಿಯಿತು. ಆದರೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ಲು ತುಳಿದುಕೊಂಡು ಹೋಗಿ ಆ ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಒಳಗಿನಿಂದ ಬ್ಲೇಡಿನ ಸದ್ದು ಬರುತ್ತಿತ್ತು. ಕರ್ ಎಂದು ಇಳಿಯುವುದು, ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ದಾನಮ್ಮನ ಕೈ ಒಳಗಿರುತ್ತದೆ. ಮತ್ತೆ ಕರ್. ನೂರರವರೆಗೆ ಎಣಿಸಿ ವಾಪಸು ಬರುತ್ತಿದ್ದರು. ಗೋಡೆಯಾಚೆ ನಿಂತು ಎಣಿಸಿದರೆ ಏನು ಪ್ರಯೋಜನ ಎಂದು ಜಯದೇವಿ ಕೇಳಿದ್ದುಂಟು. "ಏನೂ ಇಲ್ಲ" ಎಂದಿದ್ದರು.

ಹತ್ತನೇ ದಿನ ಹತ್ತು ಗಂಟೆಗೆ ಪ್ರೆಸ್ಸಿನ ಇನ್ನೊಂದು ಮಷೀನಿಗೆ ಬೇಕಾಗಿದ್ದ ನಾಲ್ಕು ಕೀ ಕೊಡುವ ನೆಪದಲ್ಲಿ ಗೂಳಪ್ಪ ಒಳಗೆ ಹೋದರು. ಬಾಗಿಲು ದಾಟುವಾಗಲೇ ತಿಳಿಯಿತು. ಮೋಟಾರು ನಿಂತಿತ್ತು. ಎಲ್ಲರೂ ಕಟಿಂಗ್ ಮಷೀನಿನ ಸುತ್ತ ಸೇರಿದ್ದರು. ಬ್ಲೇಡು ಅರ್ಧಕ್ಕೆ ಬಂದು, ಕಾಗದದ ಮೇಲೆ ಒಂದು ಗೇಣು ಎತ್ತರದಲ್ಲಿ ತಟಸ್ಥವಾಗಿ ನಿಂತಿತ್ತು.

ಗೂಳಪ್ಪ ಮೊದಲು ಹುಡುಕಿದ್ದು ದಾನಮ್ಮನನ್ನು. ಅವರು ಕಾಗದದ ರಾಶಿಯ ಮೇಲೆ ಕೂತಿದ್ದರು. ಎರಡೂ ಕೈ ಮಡಿಲಲ್ಲಿ. ಎರಡೂ ಕೈ.

ಹಿಂದಿನ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ ಆದದ್ದು. ಬ್ಲೇಡು ಒಮ್ಮೆ ಇಳಿದು ಮೇಲೆ ಹೋಯಿತು. ದಾನಮ್ಮ ಮೊಣಕೈತನಕ ಒಳಗೆ ಹಾಕಿ ಕಾಗದ ಎಳೆಯುತ್ತಿದ್ದಾಗ ಬ್ಲೇಡು ನಿಲ್ಲದೆ ಮತ್ತೆ ಹೊರಟಿತು. ಟಪ್ ಎಂದಿತು. ಚಕ್ರ ಸುಮ್ಮನೆ ಸುತ್ತತೊಡಗಿತು, ಬ್ಲೇಡು ಅಲ್ಲೇ ನಿಂತಿತು. ದಾನಮ್ಮ ಹೇಳುವುದು: "ಚೀರಬೇಕಂತ ಇದ್ದೆ ನೋಡ್ರಿ, ಚೀರಾಕ ಬರಲೇ ಇಲ್ಲ. ನಗು ಬಂತು. ಎಲ್ಲಾರೂ ಈಕಿಗೆ ತಲಿ ಕೆಟ್ಟೈತಿ ಅಂದ್ರು."

ಕಂಪನಿ ಬೋಲ್ಟೇ ಮುರಿದಿದೆ ಎಂದು ಮಾಲೀಕರಿಗೆ ಈಗ ಭಯ ಹತ್ತಿತ್ತು. ಇಷ್ಟು ಗಟ್ಟಿ ಬೋಲ್ಟು ಮುರಿಯಬೇಕಾದರೆ ಮಷೀನಿನಲ್ಲೇ ಏನೋ ಇದೆ ಎಂದು ವಿಜಯನಗರದಿಂದ ಕೃಷ್ಣಯ್ಯ ಎಂಬ ಹಿರಿಯ ಮೆಕ್ಯಾನಿಕ್ಕನ್ನು ಬೆಳಿಗ್ಗೆಯೇ ಕರೆಸಿದ್ದರು. ಗೂಳಪ್ಪ ಎರಡು ಸಲ ಹೇಳಿದ್ದ ಮಾತನ್ನು, ಸೊಟ್ಟ ಎಂಟಿನ ಒಂದು ತುಂಡು ಉಕ್ಕು ಮುರಿದು ಹೇಳಿದಾಗ ಕೇಳಿಸಿಕೊಂಡಿದ್ದರು.

ಕೃಷ್ಣಯ್ಯ ಮುರಿದ ತುಂಡನ್ನು ಬೆರಳಿನಿಂದ ಉಜ್ಜಿದರು. ಗ್ರೀಸು ಹೋಯಿತು. ಮುರಿದ ಜಾಗದಲ್ಲಿ ನೀಟಾಗಿ ತೆಗೆದ ಕುತ್ತಿಗೆ ಕಂಡಿತು. ಯಾವ ಕಂಪನಿಯೂ ಬೋಲ್ಟಿಗೆ ಅಂಥ ಕುತ್ತಿಗೆ ತೆಗೆಯುವುದಿಲ್ಲ. ತಲೆಯ ಮೇಲಿನ ಸೊಟ್ಟ ಎಂಟನ್ನು ನೋಡಿದರು. ತಲೆಯೆತ್ತಿ, ಕೀಗಳ ಪೊಟ್ಟಣ ಹಿಡಿದು ನಿಂತಿದ್ದ ಗೂಳಪ್ಪನವರನ್ನು ನೋಡಿದರು. ಗೂಳಪ್ಪ ಪೊಟ್ಟಣ ಬಿಚ್ಚಿ ನಾಲ್ಕೂ ಕೀಗಳನ್ನು ಎಣಿಸತೊಡಗಿದರು.

"ಸಾರ್" ಅಂದರು ಕೃಷ್ಣಯ್ಯ ಮಾಲೀಕರ ಕಡೆ ತಿರುಗಿ, "ಇಂಥಾ ಬೋಲ್ಟೇ ಹೋಗಿದೆ ಅಂದ್ರೆ, ಬ್ರೇಕ್ ಪೂರ್ತಿ ಹೋಗಿದೆ. ಲೈನಿಂಗ್ ಬದಲಾಯಿಸ್ದೆ ಮಷೀನ್ ಸ್ಟಾರ್ಟ್ ಮಾಡ್ಬೇಡಿ. ಇನ್ಮುಂದೆ ಗಟ್ಟಿ ಬೋಲ್ಟು ಮುಟ್ಟಲೂಬೇಡಿ, ಕುತ್ತಿಗೆ ತೆಗೆದಿರೋ ಮೆದು ಪಿನ್ನೇ ಹಾಕಿ. ನಾನ್ ಬರೆದು ಕೊಡ್ತೀನಿ." ಮುರಿದ ತುಂಡುಗಳನ್ನು ತಮ್ಮ ಜೇಬಿಗೆ ಇಳಿಸಿದರು. ಅವರು ಯಾಕೆ ಸುಮ್ಮನಿದ್ದರು ಎಂದು ಗೂಳಪ್ಪ ಇವತ್ತಿಗೂ ಕೇಳಿಲ್ಲ. ಕೃಷ್ಣಯ್ಯನವರ ಶಿಫಾರಸಿನ ಮೇಲೆ ಮೂರು ಪ್ರೆಸ್ಸಿನವರು ಈಗ ಗೂಳಪ್ಪನವರ ಹತ್ತಿರವೇ ಪಿನ್ನು ಒಯ್ಯುತ್ತಾರೆ ಎನ್ನುವುದು ಮಾತ್ರ ನಿಜ. ದಾನಮ್ಮ ಈಗ ಕೆಂಗೇರಿಯಲ್ಲಿ ರಟ್ಟಿನ ಡಬ್ಬಿ ಮಾಡುವ ಕಡೆ ಕೆಲಸಕ್ಕಿದ್ದಾರೆ. ಅಲ್ಲಿ ಮೊದಲ ದಿನವೇ ಮಷೀನಿನ ಪಕ್ಕದ ಬಾಗಿಲು ತೆಗೆಸಿ, ಒಳಗಿನ ಪಿನ್ನು ನೋಡಿಯೇ ಪೆಡಲ ಮೇಲೆ ಕಾಲಿಟ್ಟರಂತೆ.

ಏನಾದರೂ ಆಸೆ ಇದೆಯೇ ಎಂದರೆ ಗೂಳಪ್ಪ ಹೇಳುವುದು ಇಷ್ಟೇ: "ಪಿನ್ನು ಮುರಿದಾಗ ಬೈಲಿ, ಬ್ಯಾಡನ್ನಾಂಗಿಲ್ಲ. ಬೈಯೋದ್ಕಿಂತ ಮೊದಲ ಒಂದ ಸಲ ಮಷೀನ್ ಕಡೆ ತಿರುಗಿ, ಯಾಕ ಮುರೀತು ಅಂತ ನೋಡ್ಲಿ. ಅಷ್ಟ ಸಾಕ್ರಿ." ಎಂಟರ ಪಂಚನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ತಳಕ್ಕೆ ಇಟ್ಟಿದ್ದಾರೆ. ಆಮೇಲೆ ಅದನ್ನು ಮುಟ್ಟಿಲ್ಲ.

ಆ ದಿನ ಮಧ್ಯಾಹ್ನ ಎರಡರ ಹೊತ್ತಿಗೆ ಬ್ರೇಕಿನ ಹೊಸ ಲೈನಿಂಗ್ ಕೂತಿತು. ಗೂಳಪ್ಪ ಅಲ್ಲೇ ಇದ್ದು ಕೃಷ್ಣಯ್ಯನವರಿಗೆ ಸ್ಪಾನರು ಎತ್ತಿ ಕೊಟ್ಟರು. ತಮ್ಮ ಚೀಲದಿಂದ ಮಾಮೂಲಿ ಪಿನ್ನೊಂದನ್ನು, ಯಾವ ನಂಬರೂ ಇಲ್ಲದ್ದನ್ನು, ತೆಗೆದು ಕೊಟ್ಟರು. ಅದು ಕೂತಿತು. ದಾನಮ್ಮ ಬಂದು ಮಷೀನಿನ ಮುಂದೆ ನಿಂತರು. ಮಾಲೀಕರಿಗೂ ಮನಸ್ಸು ಹಗುರವಾಗಿತ್ತು, ಆರ್ಡರು ಉಳಿಯಿತಲ್ಲ. ಹಗುರವಾದ ಮನಸ್ಸಿಗೆ ತಮಾಷೆ ಬೇಕಿತ್ತು. ಸುತ್ತ ಅದೇ ಹದಿನಾಲ್ಕು ಜನ.

"ನೋಡಿದ್ಯೇನಪ್ಪಾ ಗೂಳಪ್ಪಾ? ಅಂಥಾ ಹಾಳ್ ಬಿದ್ದಿರೋ ಬ್ರೇಕಲ್ಲೂ ಕಂಪನಿ ಬೋಲ್ಟು ಹನ್ನೆರಡು ದಿನ ತಡೀತು. ಹನ್ನೆರಡು! ನಿಂದು ನಾಲ್ಕೇ ದಿನಕ್ಕೆ ಮಕಾಡೆ ಮಲಗ್ತು. ಅದಕ್ಕೇ ಹೇಳೋದು, ಓದಿರೋರು ಮಾಡಿದ ಮಾಲೇ ಬೇರೆ, ನಿನ್ನಂಥೋರು ಮಾಡೋ ಮಾಲೇ ಬೇರೆ. ಕೃಷ್ಣಯ್ಯನೋರು ಹೇಳಿದ್ರು ಅಂತ ನಿಂದೇ ಹಾಕ್ತಾ ಇದೀನಿ, ಆಮೇಲೆ ಕೊಂಬು ಬರಿಸ್ಕೋಬೇಡ. ಸ್ವಲ್ಪ ನೋಡಿ ಕಲ್ತುಕೋ. ಏನು?"

ಜನ ನಕ್ಕರು. ಕೃಷ್ಣಯ್ಯ ಸ್ಪಾನರು ಒರೆಸುತ್ತ ನೆಲ ನೋಡಿದರು. ದಾನಮ್ಮನ ಬಾಯಿ ತೆರೆಯಿತು, ಗೂಳಪ್ಪ ಕಣ್ಣಲ್ಲೇ ಬೇಡ ಎಂದರು.

ದಾನಮ್ಮ ಪೆಡಲು ಒತ್ತಿದರು. ಬ್ಲೇಡು ಕರ್ ಎಂದು ಇಳಿಯಿತು, ಮೇಲೆ ಹೋಯಿತು, ನಿಂತಿತು. ಕೈ ಹಾಕಿ ಕಾಗದ ಎಳೆದುಕೊಂಡರು. ಹೊಸ ನಾಲ್ಕು ಬಳೆ ಗಲ್ ಎಂದವು. ಮತ್ತೊಮ್ಮೆ. ಇಳಿಯಿತು, ಹೋಯಿತು, ನಿಂತಿತು.

"ಏನಯ್ಯಾ, ಕೇಳ್ತಾ ಇರೋದು ನಿನ್ನನ್ನೇ. ನಾಲಿಗೆ ಬಿದ್ದೋಯ್ತಾ?" ಎಂದರು ಮಾಲೀಕರು.

ಗೂಳಪ್ಪ ಇನ್ನೂ ಎರಡು ಏಟು ಕೇಳಿಸಿಕೊಂಡರು. ಆಮೇಲೆ ಚೀಲವನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ನೋಟ್‌ಬುಕ್ಕುಗಳ ರಾಶಿಯ ಪಕ್ಕದಿಂದ ಬಾಗಿಲು ದಾಟಿ ಬಿಸಿಲಿಗಿಳಿದು ಸೈಕಲ್ಲಿನ ಕಡೆ ನಡೆದರು.